ಕ್ಯಾಪ್ಟನ್ ಬೈತಾರೆ ಅಂತ ಸುಮ್ಮನಿದ್ದ ಸಹಪೈಲಟ್

ಬೈಯುವ ಹಿರಿಯರ ಕೈಕೆಳಗೆ ನಲುಗಿದವರು ನನ್ನ ಬಳಿ ಆಪ್ತಸಲಹೆಗೆ ಆಗಾಗ ಬರುತ್ತಾರೆ. ಸ್ವಲ್ಪ ದೂರವೇ ಇದ್ದುಬಿಡಿ ಎಂದು ಹಲವರಿಗೆ ಹೇಳಬಹುದು. ಈ ಹುಡುಗನಿಗೆ ಹೇಳುವಂತಿರಲಿಲ್ಲ. ಅವನು ಸಹಪೈಲಟ್, ದೇವನಹಳ್ಳಿಯಿಂದ ಹಾರುತ್ತಾನೆ. ಮುಚ್ಚಿದ ಬಾಗಿಲ ಒಳಗೆ ಇರುವುದೇ ಇಬ್ಬರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಒಬ್ಬ ಕ್ಯಾಪ್ಟನ್ ಮಾತುಮಾತಿಗೂ ಹೀಯಾಳಿಸುತ್ತಿದ್ದರು. ರೋಸ್ಟರ್‌ನಲ್ಲಿ ಅವರ ಹೆಸರು ಕಂಡರೆ ಇವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಒಂದು ದಿನ ಹೊರಡಲು ಎದ್ದವನು ಮೆಲ್ಲಗೆ ಹೇಳಿದ: "ಮೊನ್ನೆ ಲ್ಯಾಂಡಿಂಗ್‌ಗೆ ಇಳಿಯುವಾಗ ಸ್ಪೀಡ್ ಜಾಸ್ತಿ ಇತ್ತು ಮೇಡಂ. ನೋಡಿದೆ. ಮತ್ತೆ ಯಾಕೆ ಬೈಸಿಕೊಳ್ಳೋದು ಅಂತ ಸುಮ್ನಾದೆ."

ಅವನನ್ನು ಮತ್ತೆ ಕೂರಿಸಿದೆ.

"ಬೈಗುಳ ನಿನ್ನ ನೋವು. ಅದರ ಮಾತು ವಿಮಾನ ನಿಂತು ಎಂಜಿನ್ ಆರಿದ ಮೇಲೆ. ಸ್ಪೀಡ್ ಹಿಂದೆ ಕೂತವರ ಜೀವ. ಅದಕ್ಕೆ ಕಾಯೋ ಹಾಗಿಲ್ಲ, ಅಲ್ವಾ?"

"ಅವರ ಸರ್ವೀಸೇ ನನ್ನ ವಯಸ್ಸಿನಷ್ಟಿದೆ. ಹೇಗೆ ಹೇಳಲಿ?"

"ಹೇಳಿದ್ದರೆ ಏನಂತಿದ್ದೆ?"

"ಸರ್, ಸ್ಪೀಡ್ ಸ್ವಲ್ಪ ಜಾಸ್ತಿ ಇದೆ ಅನ್ಸುತ್ತೆ..."

'ಸರ್' ಇರಲಿ ಎಂದೆ. 'ಸ್ವಲ್ಪ', 'ಅನ್ಸುತ್ತೆ' ಎರಡೂ ಬೇಡ. ಕಂಡ ಅಂಕಿ ಹೇಳು, ಆಮೇಲೆ ಮಾಡಬೇಕಾದ್ದು ಹೇಳು. "ಸರ್, ಸ್ಪೀಡ್ ಪ್ಲಸ್ ಟ್ವೆಂಟಿ. ಗೋ ಅರೌಂಡ್." ಅಂದರೆ ವೇಗ ಇರಬೇಕಾದ್ದಕ್ಕಿಂತ ಇಪ್ಪತ್ತು ನಾಟ್ ಹೆಚ್ಚಿದೆ, ಇಳಿಸದೆ ಮತ್ತೆ ಮೇಲೇರಿಸಿ ಎಂದು. ನನ್ನ ಕೋಣೆಯಲ್ಲೇ ಜೋರಾಗಿ ಹೇಳಿಸಿದೆ. ಮೊದಮೊದಲು ಗಂಟಲೇ ಏಳಲಿಲ್ಲ.

ವಿಮಾನ ಹಾರಿಸುವುದನ್ನು ನಾನು ಕಲಿಸಲಿಲ್ಲ. ಇದೆಲ್ಲ ಅವನ ತರಬೇತಿಯಲ್ಲೇ ಇದೆ. 1977ರಲ್ಲಿ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ, ವಿಮಾನ ಮೇಲೇರಲು ಓಡುತ್ತಿದ್ದಾಗ, ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಅನುಮಾನದಿಂದ ಕೇಳಿದ್ದರು. ಕ್ಯಾಪ್ಟನ್ ಹೌದೆಂದರು. ಎಂಜಿನಿಯರ್ ಮತ್ತೆ ಒತ್ತಾಯಿಸಲಿಲ್ಲ. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. 2010ರ ಮಂಗಳೂರಲ್ಲಿ ಸಹಪೈಲಟ್ ಗೋ ಅರೌಂಡ್ ಎಂದರೂ ಕ್ಯಾಪ್ಟನ್ ಇಳಿಸಲು ಹೋದರು. 158 ಜೀವ ಹೋಯಿತು. ಹಾಗಾಗಿ, ಹೇಳಿದರೂ ಕೇಳದಿದ್ದಾಗ ಕಂಟ್ರೋಲ್ ತೆಗೆದುಕೊಳ್ಳುವ ಕ್ರಮವನ್ನೂ ತರಬೇತುದಾರರ ಬಳಿ ಮತ್ತೆ ಕೇಳಿಕೋ ಎಂದೆ.

ಮೊದಲು ದೂರು ಕೊಡಿಸಬೇಕಿತ್ತು ಎಂದು ವೃತ್ತಿಯ ಗೆಳತಿಯೊಬ್ಬರು ಆಕ್ಷೇಪಿಸಿದರು. ದೂರಿಗೂ ಹೇಳಿದ್ದೆ: ದಿನಾಂಕ, ಫ್ಲೈಟ್ ನಂಬರ್, ಆಡಿದ ಮಾತು ಎಲ್ಲ ಬರೆದು ಕೊಡು ಎಂದು. ಆದರೆ ಉತ್ತರ ಬರುವ ತನಕ ಅವನು ಅದೇ ಸೀಟಿನಲ್ಲಿ ಕೂರಬೇಕಲ್ಲ! ನಾಳೆ ಬೆಳಗಿನ ಫ್ಲೈಟ್‌ಗೆ ಅವನ ಬಾಯಿ ಬಿಡಿಸುವುದೇ ನನಗೆ ಮೊದಲ ಕೆಲಸವಾಗಿ ಕಂಡಿತು. ಈಗಲೂ ಹಾಗೇ ಅನಿಸುತ್ತದೆ.

ಆಮೇಲೊಮ್ಮೆ ಫೋನ್ ಮಾಡಿದ. ಗೋ ಅರೌಂಡ್ ಎಂದನಂತೆ, ಕ್ಯಾಪ್ಟನ್ ವಿಮಾನ ಎತ್ತಿದರಂತೆ. ಆದರೆ ಹೋಟೆಲ್ ತಲುಪುವ ತನಕ ಹಂಗಿಸಿದರಂತೆ. "ಇದನ್ನೂ ದೂರಿಗೆ ಸೇರಿಸಲಾ?"

ಸೇರಿಸು ಎಂದೆ. ನಿನ್ನ ಮಾತು ಕೇಳಿ ವಿಮಾನ ಎತ್ತಿದರು ಅನ್ನೋದನ್ನೂ ಬಿಡದೆ ಬರಿ.