ನಿಮ್ಮ ‘ತಿಲಾವಾ’ ಕಥೆ ಬಗ್ಗೆ, ನೇರವಾಗಿ

ನಮಸ್ಕಾರ. 1942ರಲ್ಲಿ ಮುಳುಗಿದ ತಿಲಾವಾ ಹಡಗಿನ ಮೇಲೆ ನೀವು ಬರೆದ ಕಥೆ ಎರಡು ಸಲ ಓದ್ದೆ. ಈಗಿರೋ ಹಾಗೇ ಹಾಕೋಕಾಗಲ್ಲ, ಆದ್ರೆ ಕೈಬಿಡಿ ಅನ್ನೋಕೂ ಮನಸ್ಸು ಬರ್ತಿಲ್ಲ.

ಮೊದಲ ನಾಲ್ಕು ಪುಟ ಬರೀ ಬೆಳ್ಳಿ. 2,364 ಬೆಳ್ಳಿ ಗಟ್ಟಿ ಇತ್ತು ನಿಜ, ದಕ್ಷಿಣ ಆಫ್ರಿಕಾದ ನಾಣ್ಯಕ್ಕೆ ಹೊರಟಿದ್ದು. ‘ಶಾಶ್ವತವಾಗಿ ಸಮುದ್ರದ ಪಾಲಾಯ್ತು’ ಅಂದಿದೀರಿ, ಅದು ತಪ್ಪು, 2017ರಲ್ಲಿ ಮೇಲೆತ್ತಿದ್ರು, ಯಾರಿಗೆ ಸೇರ್ಬೇಕು ಅಂತ ಲಂಡನ್ನಿನ ಸುಪ್ರೀಂ ಕೋರ್ಟ್‌ವರೆಗೂ ಕೇಸ್ ಹೋಯ್ತು. ಆದ್ರೆ ಅದೇ ಹಡಗಲ್ಲಿ 732 ಪ್ರಯಾಣಿಕರಿದ್ರಲ್ಲ, ಬಾಂಬೆಯಿಂದ ಆಫ್ರಿಕಾಕ್ಕೆ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಹೊರಟೋರು, ಜೊತೆಗೆ ಖಲಾಸಿಗಳು, ಅವ್ರಿಗೆ ನೀವು ಕೊಟ್ಟಿರೋದು ಒಂದೇ ಪ್ಯಾರಾ.

ಕಥೆ ಇರೋದು ಎರಡು ಟಾರ್ಪೆಡೊಗಳ ನಡುವೆ. 1942ರ ನವೆಂಬರ್ 23, ನಡುರಾತ್ರಿ ಕಳೆದಿದೆ, ನಿದ್ದೆಗಣ್ಣಲ್ಲಿದ್ದೋರು ಮೊದಲ ಏಟಿಗೆ ಎದ್ದು ಓಡ್ತಾರೆ, ಬೋಟುಗಳು ನೀರಿಗಿಳೀತವೆ, ನೂಕುನುಗ್ಗಲು, ಆದ್ರೆ ಹಡಗು ಮುಳುಗ್ತಾ ಇಲ್ಲ, ಇನ್ನೂ ತೇಲ್ತಿದೆಯಲ್ಲ ವಾಪಸ್ ಹತ್ಬೋದೇನೋ ಅನ್ನೋ ಆಸೆ ಹುಟ್ಟುತ್ತೆ, ಆಮೇಲೆ ಎರಡನೇದು ಬಂದು ಹೊಡೆಯುತ್ತೆ. ಆ ಆಸೆಯನ್ನ ನೀವು ‘ಸ್ವಲ್ಪ ಸಮಯದ ನಂತರ’ ಅಂತ ಬರ್ದು ದಾಟಿಬಿಟ್ಟಿದೀರಿ! ನನಗೆ ನಿಜವಾಗ್ಲೂ ಬೇಜಾರಾಯ್ತು. 280 ಜನ ಸತ್ತ ರಾತ್ರಿ ಅದು.

‘ಕಡಲು ರುದ್ರತಾಂಡವವಾಡಿತು’ ಥರದ ಸಾಲೆಲ್ಲ ತೆಗೀರಿ. ಕೊಂದಿದ್ದು ಕಡಲಲ್ಲ.

ಟಾರ್ಪೆಡೊ ಬಿಟ್ಟ ಸಬ್‌ಮರೀನ್ ನೀವು ಬರೆದ ಹಾಗೆ ಜರ್ಮನಿದಲ್ಲ, ಜಪಾನಿನ ಐ-29. ಇದು ಸಣ್ಣ ತಪ್ಪು ಅಂದ್ಕೋಬೇಡಿ. ಐದು ತಿಂಗಳಾದ್ಮೇಲೆ, 1943ರ ಏಪ್ರಿಲ್‌ನಲ್ಲಿ, ಮಡಗಾಸ್ಕರ್ ಹತ್ರ ಜರ್ಮನ್ ಸಬ್‌ಮರೀನಿಂದ ನೇತಾಜಿಯನ್ನ ಹತ್ತಿಸ್ಕೊಂಡು ಸುಮಾತ್ರಾ ಕಡೆ ಕರ್ಕೊಂಡು ಹೋಗಿದ್ದು ಇದೇ ಐ-29. ತಿಲಾವಾದಲ್ಲಿ ಮಗಳನ್ನ ಕಳ್ಕೊಂಡ ಅಪ್ಪನಿಗೆ ಮುಂದೊಂದಿನ ಇದು ಗೊತ್ತಾದ್ರೆ? ಮನೇಲಿ ನೇತಾಜಿ ಫೋಟೋ ಇಟ್ಕೊಂಡಿರೋ ಮನುಷ್ಯ ಆದ್ರೆ? ಉತ್ತರ ಕೊಡ್ಬೇಡಿ, ಅವನನ್ನ ಆ ಫೋಟೋ ಮುಂದೆ ನಿಲ್ಲಿಸಿ ಸಾಕು.

ಆರನೇ ಪುಟದಲ್ಲಿ ಕತ್ತಲಲ್ಲಿ ಮಗುವಿನ ಚಪ್ಪಲಿಗೆ ತಡಕಾಡೋ ತಾಯಿ ಇದಾಳಲ್ಲ, ಅಲ್ಲಿಂದ ಶುರು ಮಾಡಿ. ಎರಡು ದಿನ ಆದ್ಮೇಲೆ ಬರ್ಮಿಂಗ್‌ಹ್ಯಾಮ್ ಅನ್ನೋ ಯುದ್ಧನೌಕೆ ಬಂದು ಬದುಕುಳಿದೋರಲ್ಲಿ ಹೆಚ್ಚಿನೋರನ್ನ ಎತ್ಕೊಳ್ತು, ಅಲ್ಲೀವರೆಗೆ ಅವಳ ಜೊತೇಲೇ ಇರಿ, ಬೆಳ್ಳಿ ಕಡೆ ತಿರುಗಿ ನೋಡ್ಬೇಡಿ. ತಿದ್ದಿ ಕಳ್ಸಿ, ನಾನೇ ಕೂತು ಓದ್ತೀನಿ.