ಗರಡಿ ಬಿಡಿಸಬೇಡಿ

ನಿಮ್ಮ ತಮ್ಮ ಎಂಎಂಎಗೆ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟದ ಆಟ) ಹೋಗ್ತೀನಿ ಅಂತಿದ್ದಾನೆ, ಗರಡಿ ಬಿಡಿಸಬೇಕಾ ಅಂತ ಕೇಳಿದ್ರಿ. ಖಂಡಿತ ಬೇಡ ಸಾರ್. ಅಮೆರಿಕದ ಹೆನ್ರಿ ಸೆಹುಡೊನನ್ನು ನೋಡಿ: 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 55 ಕೆ.ಜಿ. ಕುಸ್ತಿ ಚಿನ್ನ. ಆಮೇಲೆ ಎಂಎಂಎಗೆ ಬಂದು, 2016ರಲ್ಲಿ ಚಾಂಪಿಯನ್ ಡಿಮೀಟ್ರಿಯಸ್ ಜಾನ್ಸನ್ ಎದುರು ಮೊದಲ ಸುತ್ತಲ್ಲೇ ಸೋತ. ಹೊಟ್ಟೆಗೆ ಬಿದ್ದ ಮೊಣಕಾಲೇಟು ತಡೆಯೋಕಾಗಲಿಲ್ಲ. 2018ರಲ್ಲಿ ಅದೇ ಜಾನ್ಸನ್‌ನನ್ನು ಪದೇಪದೇ ನೆಲಕ್ಕೆ ಕೆಡವಿ ಎಂಎಂಎಯ ದೊಡ್ಡ ಸಂಸ್ಥೆ ಯುಎಫ್‌ಸಿಯ ಪಟ್ಟ ಕಿತ್ಕೊಂಡ. ಮರುವರ್ಷ ಇನ್ನೊಂದು ತೂಕದ ಪಟ್ಟವೂ ಬಂತು. ಕೆಡವೋ ವಿದ್ಯೆ ಕುಸ್ತಿಯದೇ.

ಒಂದು ಅಭ್ಯಾಸ ಮಾತ್ರ ಈಗಲೇ ತಿದ್ದಿಸಿ. ಚಿತ್ ಆಗಬಾರದು ಅಂತ ನಮ್ಮ ಪೈಲ್ವಾನರು ಬೋರಲು ಬಿದ್ದು ಮಟ್ಟಿ ಮಣ್ಣಿಗೆ ಅಂಟಿಕೊಂಡುಬಿಡ್ತಾರೆ. ಮೈಸೂರು ದಸರಾ ಕುಸ್ತಿಲಿ ದೊಡ್ಡಕೆರೆ ಮೈದಾನದಲ್ಲಿ ನೋಡಿರ್ತೀರಿ. ಎಂಎಂಎಯಲ್ಲಿ ಹಾಗೆ ಬೆನ್ನು ಕೊಟ್ಟರೆ ಹಿಂದಿನಿಂದ ತೋಳು ಬಂದು ಕತ್ತು ಬಿಗಿಯುತ್ತೆ. ಬೆಳಗ್ಗೆ ಗರಡಿ ಇರಲಿ, ಸಂಜೆ ನೆಲದ ಮೇಲಿನ ಹಿಡಿತ, ಕತ್ತು ಬಿಗಿಯೋ ಪಟ್ಟು ಕಲಿಸೋ ಜಿಯು-ಜಿತ್ಸು ಕಲೀಲಿ.