ಗಾರೆ ಎರಚಿದ ಹಾಗಿರುವ ಆ ಶಿಲ್ಪ

ಶಿವಾರಪಟ್ಟಣದ ಓದುಗರಿಗೆ ನಮಸ್ಕಾರ.

ಹೋದ ಸಂಚಿಕೆಯಲ್ಲಿ ಬಂಗಾಳದ ಶಿಲ್ಪಿ ರಾಮ್‌ಕಿಂಕರ್ ಬೈಜ್ ಅವರ 'ಸಂತಾಲ್ ಕುಟುಂಬ' ಶಿಲ್ಪದ ಚಿತ್ರ ನೋಡಿ ಬೇಸರದಿಂದ ಬರೆದಿದ್ದೀರಿ. "ನಮ್ಮ ತಂದೆ ಒಂದು ಕೆನ್ನೆಯ ನಯಕ್ಕೆ ದಿನಗಟ್ಟಲೆ ಕೂರುತ್ತಾರೆ. ಇದು ಗಾರೆಯವರು ಎರಚಿಬಿಟ್ಟ ಹಾಗಿದೆ. ಇದನ್ನು ಯಾಕೆ ಹೊಗಳ್ತೀರಿ?" ಎಂದು ಕೇಳಿದ್ದೀರಿ. ತಲೆಮಾರುಗಳಿಂದ ಕಲ್ಲು ಕೆತ್ತುವ ಊರಿನವರ ಪ್ರಶ್ನೆ ಇದು. ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ.

ನಿಮ್ಮ ಕಣ್ಣಿಗೆ ಕಂಡದ್ದು ಸರಿ. ಅದು ಎರಚಿದ್ದೇ. 1938ರಲ್ಲಿ ಟಾಗೋರರ ಶಾಂತಿನಿಕೇತನದ ಬಯಲಲ್ಲಿ ಅವರು ಕಬ್ಬಿಣದ ಕಂಬಿ ಕಟ್ಟಿದರು. ಅಲ್ಲಿನ ಕೆಂಪು ನೆಲದ ಜಲ್ಲಿಯನ್ನು ಸಿಮೆಂಟಿಗೆ ಕಲಸಿ ಕೈಯಿಂದಲೇ ಹಾಕುತ್ತಾ ಹೋದರು. ಆಮೇಲೆ ಉಳಿ ಹಿಡಿದು ತಿದ್ದಿದರು. ಕಲ್ಲು, ಕಂಚಿಗೆ ದುಡ್ಡು ಬೇಕು, ಸಿಮೆಂಟು ಅಗ್ಗ. ಆದರೆ ಅದೊಂದೇ ಕಾರಣ ಅಲ್ಲ. ಅಲ್ಲಿ ನಿಂತಿರುವವರು ಯಾರು ನೋಡಿ, ಸಂತಾಲ್ ಬುಡಕಟ್ಟಿನವರು. ಅಡ್ಡೆ ಹೊತ್ತ ಗಂಡಸು, ಬುಟ್ಟಿಯಲ್ಲಿ ಮಗು, ಪಕ್ಕದಲ್ಲಿ ಹೆಂಡತಿ, ಜೊತೆಗೊಂದು ನಾಯಿ. ಇದ್ದಬದ್ದದ್ದನ್ನೆಲ್ಲ ಹೊತ್ತು ಹೊರಟ ದುಡಿಮೆಯ ಜನ. ಆ ಕಾಲಕ್ಕೆ ಬಯಲಲ್ಲಿ ನಿಲ್ಲಿಸುವ ಪ್ರತಿಮೆ ಅಂದರೆ ರಾಜರದ್ದು, ದೊಡ್ಡ ಮನುಷ್ಯರದ್ದು. ಬೈಜ್ ಈ ಜನರನ್ನು ಆಳಿಗಿಂತ ದೊಡ್ಡದಾಗಿ ನಿಲ್ಲಿಸಿದರು. ಆ ಮೈಗಳಿಗೆ ಪಾಲಿಶ್ ಕೊಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು ಎಂದೇ ನನ್ನ ನಂಬಿಕೆ.

ಅವರೂ ಅಂಥ ಮನೆಯಿಂದಲೇ ಬಂದವರು. 1906ರಲ್ಲಿ ಬಂಗಾಳದ ಬಾಂಕುರಾದಲ್ಲಿ, ಕ್ಷೌರಿಕರ ಬಡ ಮನೆಯಲ್ಲಿ ಹುಟ್ಟಿದರು. ಮಣ್ಣಿನ ಮೂರ್ತಿ ಮಾಡುವವರನ್ನು ನೋಡಿ ನೋಡಿ ಕಲಿತರು. ಈ ಹುಡುಗನ ಕೈಚಳಕ ಗುರುತಿಸಿ 1925ರಲ್ಲಿ ಶಾಂತಿನಿಕೇತನಕ್ಕೆ ದಾರಿ ತೋರಿಸಿದವರು ರಾಮಾನಂದ ಚಟರ್ಜಿ. ಅವರು ಒಬ್ಬ ಪತ್ರಿಕಾ ಸಂಪಾದಕರು ಅನ್ನುವುದು ನನಗೆ ತುಂಬಾ ಇಷ್ಟದ ಸಂಗತಿ. ಅಲ್ಲಿ ಚಿತ್ರಕಾರ ನಂದಲಾಲ್ ಬೋಸ್ ಗುರುಗಳು. ಕಲಿತ ಜಾಗದಲ್ಲೇ ಬೈಜ್ ಮೇಷ್ಟರೂ ಆದರು. 1970ರಲ್ಲಿ ಪದ್ಮಭೂಷಣ ಬಂತು, 1980ರಲ್ಲಿ ತೀರಿಕೊಂಡರು.

1956ರ ಇನ್ನೊಂದು ಶಿಲ್ಪವಿದೆ, 'ಮಿಲ್ಲಿನ ಕರೆ'. ಸೈರನ್ ಕೂಗಿದೆ, ಸಂತಾಲ್ ಹೆಂಗಸರು ಓಡುತ್ತಿದ್ದಾರೆ, ಒದ್ದೆ ಸೀರೆ ಗಾಳಿಯಲ್ಲಿ ಓಡುತ್ತಲೇ ಒಣಗುತ್ತಿದೆ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? 2001ರಲ್ಲಿ ಕೆಜಿಎಫ್ ಚಿನ್ನದ ಗಣಿ ಮುಚ್ಚುವ ತನಕ ಪಾಳಿಗೆ ಹೀಗೇ ಓಡಿದವರ ಮಕ್ಕಳು ನಮ್ಮ ಓದುಗರಲ್ಲೇ ಜಾಸ್ತಿ ಇದ್ದಾರೆ.

ಅಂದಮಾತ್ರಕ್ಕೆ ಕಲ್ಲಿನ ಕೆಲಸ ಗೊತ್ತಿಲ್ಲದೆ ಸಿಮೆಂಟು ಹಿಡಿದವರು ಅಂದುಕೊಳ್ಳಬೇಡಿ. ದೆಹಲಿಯ ರಿಸರ್ವ್ ಬ್ಯಾಂಕಿನ ಬಾಗಿಲಲ್ಲಿ ಅವರ ಯಕ್ಷ, ಯಕ್ಷಿ ನಿಂತಿದ್ದಾರೆ. ಕಾಂಗ್ರಾ ಕಣಿವೆಯಿಂದ ತಂದ ಮರಳುಗಲ್ಲು. ಹಳೆಯ ಕಾಲದ ಯಕ್ಷ ಮೂರ್ತಿಗಳನ್ನು ಕಣ್ಣಲ್ಲಿ ತುಂಬಿಕೊಂಡು ಮಾಡಿದ್ದು. ಮುಗಿಯಲು ವರ್ಷಗಳೇ ಹಿಡಿದವು.

ಮುಂದಿನ ಸಂಚಿಕೆಯಲ್ಲಿ ಆ ಯಕ್ಷಿಯನ್ನು ಪೂರ್ತಿ ಪುಟದಲ್ಲಿ ಹಾಕುತ್ತೇವೆ. ನಿಮ್ಮ ತಂದೆಯವರಿಗೆ ತೋರಿಸಿ. ಉಳಿ ಎಲ್ಲೆಲ್ಲಿ ಹೇಗೆ ಓಡಿದೆ ಅನ್ನುವುದನ್ನು ಅವರಷ್ಟು ಚೆನ್ನಾಗಿ ಹೇಳಲು ನನ್ನಿಂದ ಆಗದು. ಅವರು ಏನಂದರು ಅಂತ ದಯವಿಟ್ಟು ಬರೀರಿ.

— ಸಂಪಾದಕ, ಕೋಲಾರ